ಕಡಲಕಾಗೆಯ ಹಸಿರು ತಂತಿ

ಕೂಕಟ್‌ಪಲ್ಲಿ, ಹೈದರಾಬಾದ್
6 ಏಪ್ರಿಲ್ 2005

ಮಾನ್ಯ ವಿಠಲ ಹರಿಕಂತ್ರ ಸಾಹೇಬ್ರಿಗೆ, ತಾಯಪ್ಪ ಮಾಡುವ ನಮಸ್ಕಾರ.

ನನ್ನ ಗುರ್ತು ನಿಮಗಿಲ್ಲ. ನೀವು ಕಟ್ಟಿದ ಹಾಯಿದೋಣಿ ‘ಕಡಲಕಾಗೆ’ ಈಗ ಇಲ್ಲಿ ಹುಸೇನ್ ಸಾಗರದಾಗ ಐತಿ. ಹೋದ ವರ್ಷ ನಿಮ್ಮ ಕಡೆ ಬಂದು ಅದನ್ನ ಕೊಂಡು, ಲಾರಿ ಮ್ಯಾಲ ಹೇರಿಸಿಕೊಂಡು ಬಂದ್ರಲ್ಲ, ಮೈಸೂರಿನ ಕೃಪಾ ಮೇಡಮ್, ಅವರ ಸಾಫ್ಟ್‌ವೇರ್ ಕಂಪ್ನಿಗೆ ವೈರಿಂಗ್ ಮಾಡಿದಾವ ನಾ. ಊರು ಶಹಾಪುರ ತಾಲೂಕು. ಹೈಟೆಕ್ ಸಿಟಿ ಕಡೆ ಒಂದೊಂದು ಬಿಲ್ಡಿಂಗಿಗೆ ಸಾವಿರ ಸಾವಿರ ಲೈಟ್ ಹಾಕೀನ್ರಿ, ಒಂದೂ ಕೈ ಕೊಟ್ಟಿಲ್ಲ.

ದೋಣಿ ಒಳಗಿನ ಕ್ಯಾಬಿನ್ನಿನ್ಯಾಗ ನಾಲ್ಕು ಹಿತ್ತಾಳಿ ದೀಪ ಅದಾವಲ್ಲ, ಅವನ್ನ ತಗದು ಹೊಸಾ ಎಲ್‌ಇಡಿ ಹಾಕು ಅಂತ ಮೇಡಮ್ ಹೇಳ್ಯಾರ. ಹಳೇ ಬಲ್ಬು ಕುಡುಕರಿದ್ದಂಗ, ಬ್ಯಾಟರಿ ಬರಿದು ಮಾಡ್ತಾವ. ಬೆಳಕೂ ಅಷ್ಟಕ್ಕಷ್ಟ. ಐತಾರ ಬಂದ್ರ ಮೇಡಮ್ ಅದರಾಗ ಕುಂತು ಪುಸ್ತಕ ಓದ್ತಾರ, ಕಣ್ಣು ನೋಯ್ತಾವಂತ.

ನಾ ಕೇಳೂದು ಇಷ್ಟ. ತಂತಿ ಬದಲಿ ಮಾಡಬೇಕಂದ್ರ ಒಳಗಿನ ಹಲಗಿ ಬಿಚ್ಚಬೇಕೇನು? ಎಲ್ಲಿಂದ ಬಿಚ್ಚೂದು? ಬೋಟಿನ ಕೆಲಸ ನನಗೇನು ಹೊಸಾದಲ್ಲ, ಆದ್ರ ಕಟ್ಟಿದವರನ್ನ ಒಂದು ಮಾತು ಕೇಳಿ ಮುಟ್ಟೂದು ಚಲೋ ಅಂತ ಬರದೀನಿ. ನಿಮ್ಮ ಬಾಜೂ ಮನಿಗೆ ಫೋನ್ ಮಾಡಿದ್ನಿರಿ. ನಾ ಏನು ಕೇಳಿದ್ರೂ ನೀವು “ಹಾಂ? ಯಾರು?” ಅಂತ ಒದರಿ ಇಟ್ಟುಬಿಟ್ರಿ. ನಮ್ಮ ಮನಿ ಕೆಳಗಿನ ಎಸ್‌ಟಿಡಿ ಬೂತಿನ ನಂಬರ್ ಈ ಕಾಗದದ ಹಿಂದ ಬರದೀನಿ.

ಇನ್ನೊಂದು. ಇಷ್ಟು ಚಂದನ ದೋಣಿಗೆ ಕಾಗಿ ಹೆಸರು ಯಾಕ ಇಟ್ರಿ?

ತಮ್ಮ ವಿಶ್ವಾಸಿ,
ತಾಯಪ್ಪ

*

ಬೇಲೇಕೇರಿ, ಅಂಕೋಲಾ ತಾಲೂಕು
15 ಏಪ್ರಿಲ್ 2005

ತಾಯಪ್ಪನವರಿಗೆ ವಿಠಲನ ನಮಸ್ಕಾರ.

ನನ್ನ ಕಿವಿ ಹೋಗಿ ಆರು ವರ್ಷ ಆಯ್ತು. ನೀರು ಸೋರದ ಹಾಗೆ ನಲವತ್ತು ವರ್ಷ ಹಲಗೆ ಸಂದಿಗೆ ಹತ್ತಿ ಬಡಿದವನ ಕಿವಿ ಉಳಿಯೂದಿಲ್ಲ. ಕಣ್ಣು ಮಾತ್ರ ಸರಿ ಉಂಟು. ಕಾಗದ ಬರೆಯಿರಿ, ಫೋನು ಬೇಡ.

ಹಲಗೆ ಬಿಚ್ಚಬೇಡಿ. ಒಂದನ್ನೂ ಬಿಚ್ಚಬೇಡಿ. ಅವು ಮೊಳೆ ಹೊಡೆದು ಕೂರಿಸಿದ್ದಲ್ಲ, ಒಂದಕ್ಕೊಂದು ಕಚ್ಚಿಸಿದ್ದು. ಒಂದು ಎಬ್ಬಿಸಿದರೆ ಎಲ್ಲವೂ ಸಡಿಲ. ಕಾರವಾರ ಬಂದರಿನ ಸಾಹೇಬರೊಬ್ಬರಿಗೆಂದು ಒಂದೂವರೆ ವರ್ಷ ಕೂತು ಕಟ್ಟಿದ ದೋಣಿ ಅದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈಗ ದೊಣ್ಣೆ ನಿಮ್ಮ ಕೈಯಲ್ಲಿ ಉಂಟು, ಅದಕ್ಕೇ ಹೇಳಿದೆ.

ತಂತಿ ನಾನೇ ಎಳೆದದ್ದು, ಗಟ್ಟಿ ಉಂಟು. ಪ್ರತಿ ದೀಪಕ್ಕೆ ಎರಡು, ಹೋಗೂದೊಂದು ಬರೂದೊಂದು. ಅದನ್ನು ಹಾಗೇ ಬಿಟ್ಟು ದೀಪ ಮಾತ್ರ ಬದಲಿಸಿ. ಇದರಲ್ಲಿ ಕೇಳುವಂಥದ್ದು ಎಂತದೂ ಇಲ್ಲ. ಬೋಟಿನ ಕೆಲಸ ಬಲ್ಲವರಿಗೆ ನೋಡಿದ ಕೂಡಲೇ ಗೊತ್ತಾಗ್ತದೆ.

ಹಿತ್ತಾಳೆ ದೀಪಗಳನ್ನು ಗುಜರಿಗೆ ಹಾಕಬೇಡಿ ಮಾರಾಯರೆ. ಬಾಗಿಲ ಬದಿಯದ್ದೊಂದಾದರೂ ಇರಲಿ ಅಂತ ನನ್ನ ಆಸೆ. ಹೇಳೂದಕ್ಕೆ ನನಗೆ ಹಕ್ಕಿಲ್ಲ, ದೋಣಿ ಈಗ ನಿಮ್ಮ ಕೃಪಾಬಾಯಿಯವರದ್ದು.

ಕಾಗೆಗೆ ಎಂತಾಗಿದೆ? ಹದ್ದು ಎಲ್ಲೆಲ್ಲೋ ಹೋಗ್ತದೆ. ಕಾಗೆ ಸಂಜೆಯಾದರೆ ತನ್ನ ಮರಕ್ಕೆ ಬರ್ತದೆ.

ವಿಠಲ ಹರಿಕಂತ್ರ

*

ಕೂಕಟ್‌ಪಲ್ಲಿ
25 ಏಪ್ರಿಲ್ 2005

ಯಜಮಾನ್ರಿಗೆ ನಮಸ್ಕಾರ.

ಹಲಗಿ ಒಂದೂ ಮುಟ್ಟಿಲ್ಲ, ನಮ್ಮವ್ವನ ಆಣಿ. ಕೆಲಸ ಮುಗೀತು! ಮೇಡಮ್ ಒಳಗ ಬಂದು ನೋಡಿ “ಅಯ್ಯೋ, ಎಷ್ಟ್ ಚೆನ್ನಾಗಿದೆ!” ಅಂದ್ರು. ಬೆಳಕು ಅಂದ್ರ ಹಾಲು ಚೆಲ್ಲಿದಂಗ ಬಿದ್ದೈತಿ.

ಆದ್ರ ಮೊದಲ ದಿನ ನನ್ನ ಜೀವಾ ಹೋಗಿ ಬಂತ್ರಿ. ಜೀಡಿಮೆಟ್ಲಾದಾಗ ಅಮರಯ್ಯ ಅಂತ ಒಬ್ಬಾತ ಸಣ್ಣ ಶೆಡ್ಡಿನ್ಯಾಗ ಈ ಎಲ್‌ಇಡಿ ದೀಪ ತಯಾರು ಮಾಡ್ತಾನ. ನಾಲ್ಕು ತಂದು ಹಾಕಿದೆ. ಒಂದೂ ಹತ್ತಲಿಲ್ಲ! ಹಳೇ ಬಲ್ಬಿಗೆ ಯಾವ ತಂತಿ ಯಾವ ಕಡೆ ಕೊಟ್ರೂ ನಡೀತದ. ಎಲ್‌ಇಡಿಗೆ ಹಂಗಲ್ಲ, ಪ್ಲಸ್ಸಿಗೆ ಪ್ಲಸ್ಸೇ ಬೇಕು. ತಲಿ ಕೆರಕೊಂಡು ಕಡೀಗೆ ಎರಡೂ ತಂತಿ ಅದಲು ಬದಲು ಮಾಡಿದೆ. ಭಕ್ ಅಂತ ಹತ್ತಿದ್ವು. ಅಮರಯ್ಯ ದೀಪದ ಮ್ಯಾಲ ಪ್ಲಸ್ ಮೈನಸ್ ಗುರ್ತು ಉಲ್ಟಾ ಹಾಕ್ಯಾನ. ಹೋಗಿ ಬರೋಬ್ಬರಿ ಜಗಳಾಡಿ ಬಂದೆ.

ಮನಿ ವೈರಿಂಗಿನ್ಯಾಗ ಜೀವಕ್ಕ ಅಪಾಯ ಆಗಬಾರದಂತ ಏನೇನು ಮಾಡ್ತೀವಿ, ಅದೂ ಎಲ್ಲಾ ಮಾಡೀನಿ. ನಿಮ್ಮ ಕಾಲದಾಗ ಅದೆಲ್ಲ ಇರಲಿಲ್ಲ ಕಾಣಸ್ತದ.

ಒಂದು ಸಣ್ಣ ತಕರಾರು. ಬ್ಯಾಟರಿ ಎರಡು ಸಲ ಖಾಲಿ ಆತು. ಹಳೇದಿರಬೇಕು.

ಮೇ 29ಕ್ಕ ಐತಾರ ಐತಿ. ಅವತ್ತು ಇಲ್ಲಿ ದೋಣಿ ಇಟ್ಟವರು ನಾಲ್ಕು ಮಂದಿ ನಮ್ಮ ದೀಪ ನೋಡಾಕ ಬರ್ತಾರ. ಎರಡು ದಿನ ಒಂದೇ ಸಮ ದೀಪ ಉರಿದ್ರ ಅವರ ನಾಲ್ಕೂ ದೋಣಿ ನನಗ, ದಂಡಿ ಮ್ಯಾಲಿನ ಲೈಟಿನ ಕೆಲಸಾನೂ ನನಗ. ವರ್ಷದ ಕೆಲಸ ಆತಲ್ರಿ! ಇಲ್ಲಿಗೆ ಬಂದು ಆರು ವರ್ಷ ಆತು. ಐದು ಮಂದಿ ಕೂಡಿ ಒಂದು ಖೋಲ್ಯಾಗ ಇರ್ತೀವಿ. ಹೆಂಡ್ತಿ ಸಾಬಮ್ಮ, ಮಗಳು ಉಮಾಶ್ರೀ ಊರಾಗ. ಮಗಳಿಗೆ ಎಂಟು ವರ್ಷ. ನಾ ಊರಿಗೆ ಹೋದ್ರ ಮೊದಲ ದಿನ ನನ್ನ ಹತ್ರ ಬರೂದಿಲ್ಲ, ಬಾಗಲ ಮರಿಗೆ ನಿಂತು ನೋಡ್ತಾಳ. ಇಲ್ಲಿ ಸಾಲಿ ಜೂನ್ 13ಕ್ಕ ಚಾಲೂ. ಅಷ್ಟರಾಗ ಇಬ್ಬರನ್ನೂ ಕರಕೊಂಡು ಬರಬೇಕಂತ ಹಟಾ ತೊಟ್ಟೀನಿ.

ತಾಯಪ್ಪ

*

ಬೇಲೇಕೇರಿ
4 ಮೇ 2005

ತಾಯಪ್ಪನವರೇ,

ನನ್ನ ಹಳೇ ಬಲ್ಬು ಕುಡುಕರು ಅಂದಿರಿ. ಆ ಕುಡುಕರು ನಾಲ್ಕು ದಿನ ಉರಿದರೂ ಬ್ಯಾಟರಿಯಲ್ಲಿ ಮಿಕ್ಕಿರ್ತಿತ್ತು. ನಿಮ್ಮ ಹೊಸಬರು ಕುಡಿಯೂದೇ ಇಲ್ಲವಾದರೆ ಖಾಲಿ ಮಾಡಿದವರು ಯಾರು? ಬ್ಯಾಟರಿ ಹಳೇದು ಅನ್ನಬೇಡಿ, ಅಮರಯ್ಯನ ಹೆಸರೂ ಹೇಳಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಾನು ದೀಪ ಬಲ್ಲವನಲ್ಲ, ದೋಣಿ ಬಲ್ಲವ. ದೋಣಿಯಲ್ಲಿ ಎಂತಾದರೂ ಕಮ್ಮಿ ಆಗ್ತಾ ಉಂಟು ಅಂದರೆ ಎಲ್ಲೋ ಸೋರ್ತಾ ಉಂಟು ಅಂತ ಅರ್ಥ. ಮನೆಯಲ್ಲಿ ಮಾಡೂದೆಲ್ಲ ದೋಣಿಗೆ ಮಾಡಿದೆ ಅಂದಿರಲ್ಲ, ಎಂತೆಂತ ಮಾಡಿದಿರಿ? ಯಾವ ತಂತಿ ಎಲ್ಲಿಗೆ ಕಟ್ಟಿದಿರಿ? ಒಂದೂ ಬಿಡದೆ ಬರೆಯಿರಿ.

ಇನ್ನೊಂದು ಕೇಳ್ತೇನೆ, ಬೇಜಾರು ಬೇಡ. ಈ ಮೊದಲು ಮಾಡಿದ ಬೋಟು ಯಾವುದು? ಯಾರದ್ದು?

ನಿಮ್ಮ ಮಗಳ ಮಾತು ಎರಡು ಸಲ ಓದಿದೆ. ಗೋವಾದ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ ನನ್ನ ಸಾವಿತ್ರಿಯೂ ಹಾಗೇ ಬಾಗಿಲ ಮರೆಗೆ ನಿಲ್ತಿದ್ದಳು.

ವಿಠಲ

*

ಕೂಕಟ್‌ಪಲ್ಲಿ
13 ಮೇ 2005

ಹರಿಕಂತ್ರ ಅವರಿಗೆ,

ನಿಮ್ಮ ಕಾಗದ ಓದಿ ಮೈ ಉರದೋತು. ಮೇಡಮ್ ಹೊಸಾ ಬ್ಯಾಟರಿ ತಂದ್ರು. ಮೂರು ದಿನಕ್ಕ ಅದೂ ಸತ್ತತು. ಅವರು ಬ್ಯಾಟರಿ ನೋಡಿ, ಆಮ್ಯಾಲ ನನ್ನ ಮಾರಿ ನೋಡಿದ್ರು. ಬೈದಿದ್ರ ಚಲೋ ಇತ್ತು. ಇಲ್ಲಿ ಅವರು ಹಂಗ ನೋಡೂದು, ಅಲ್ಲಿಂದ ನೀವು ಹಿಂಗ ಚುಚ್ಚೂದು. ನಾ ಏನು ಕಳ್ಳೇನ್ರಿ?

ಬರೀರಿ ಅಂದ್ರಲ್ಲ, ಬರೀತೀನಿ, ಕೇಳ್ರಿ. ನಿಮ್ಮ ತಂತಿ ಒಂದು ಕೆಂಪು, ಒಂದು ಹಸಿರು. ಕೆಂಪು ಅಂದ್ರ ಕರೆಂಟ್ ಬರೂದು. ವಾಪಸ್ ಹೋಗಾಕ ಕರಿ ತಂತಿ ಇರಬೇಕು, ನಿಮಗ ಸಿಕ್ಕಿಲ್ಲೇನೋ, ಹಸಿರು ಹಾಕೀರಿ. ಹಸಿರು ಅಂದ್ರ ಅರ್ಥಿಂಗ್, ಅದನ್ನ ಭೂಮಿಗೆ ಕೊಡಬೇಕು. ಹೈದರಾಬಾದಿನ್ಯಾಗ ಯಾವ ವೈರಿಂಗಿನವನ್ನ ಕೇಳಿದ್ರೂ ಇದನ್ನ ಹೇಳ್ತಾನ. ನೀವು ಕೊಟ್ಟಿರಲೇ ಇಲ್ಲ! ದೋಣಿಗೆ ಭೂಮಿ ಎಲ್ಲಿ ಅಂತೀರೇನು? ತಳದಾಗ ನೀರಿನ್ಯಾಗ ಕಬ್ಬಿಣದ ಭಾರ ಐತಲ್ಲ, ಅದನ್ನ ಹಿಡಿದಿರೋ ನಾಲ್ಕು ಬೋಲ್ಟಿನ್ಯಾಗ ಮುಂದಿನದಕ್ಕ ಹಸಿರು ತಂತಿ ಬಿಗದು ಕಟ್ಟೀನಿ. ನೀವು ಮಾಡದ್ದನ್ನ ನಾ ಮಾಡೀನಿ.

ಯಾಕ ಮಾಡೀನಿ ಅದನ್ನೂ ಕೇಳ್ರಿ. ನಮ್ಮೂರ ಮಲ್ಲು ನನ್ನ ಕೂಡ ಕೆಲಸಕ್ಕ ಬಂದಾವ. ಒಂದು ಬಿಲ್ಡಿಂಗಿನ್ಯಾಗ ಅರ್ಥಿಂಗ್ ಇಲ್ಲದ ಮಿಷನ್ನಿಗೆ ಕೈ ಹಚ್ಚಿ ನನ್ನ ಕಣ್ಣೆದುರಿಗೇ ಹೋದ. ಅವತ್ತಿನಿಂದ ಅರ್ಥಿಂಗ್ ಕೊಡದ ನಾ ಒಂದು ಕೆಲಸಾನೂ ಬಿಟ್ಟಿಲ್ಲ. ಈಗ ಹೇಳ್ರಿ, ಸೋರೂದು ಎಲ್ಲಿ?

29ಕ್ಕ ಇನ್ನ ಹದಿನಾರು ದಿನ ಐತಿ.

ತಾಯಪ್ಪ

*

ಬೇಲೇಕೇರಿ
18 ಮೇ 2005

ತಮಾ ತಾಯಪ್ಪ,

ಟೆಲಿಗ್ರಾಮ್ ಮುಟ್ಟಿರಬೇಕು. ಇವತ್ತು ಬೆಳಿಗ್ಗೆ ನಿನ್ನ ಕಾಗದ ಓದಿದವನೇ ಕಾಲಿಗೆ ಚಪ್ಪಲಿ ಸಹ ಮೆಟ್ಟದೆ ಬದಿ ಮನೆಯ ಫೋನಿಗೆ ಓಡಿದೆ. ಮಗಳು ಸಾವಿತ್ರಿ ನಿನ್ನ ಬೂತಿನ ನಂಬರಿಗೆ ಫೋನು ಮಾಡಿದಳು. ಆ ಬದಿಯವನಿಗೆ ತೆಲುಗು ಬಿಟ್ಟು ಬರೂದಿಲ್ಲ, ಇವಳಿಗೆ ಕನ್ನಡ, ಕೊಂಕಣಿ ಬಿಟ್ಟು ಬರೂದಿಲ್ಲ. ಇಬ್ಬರೂ ಕೂಗಿಕೊಂಡದ್ದಷ್ಟೇ ಬಂತು. ಕೊನೆಗೆ ಪೋಸ್ಟ್ ಮಾಸ್ತರರ ಕೈಲಿ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದೆ: ಹಸಿರು ತಂತಿ ಬೋಲ್ಟಿನಿಂದ ಬಿಚ್ಚು, ದೋಣಿ ಹೊರಡಿಸಬೇಡ.

ಯಾಕೆ ಅಂತ ಹೇಳ್ತೇನೆ. ದೋಣಿಯ ಬಲಬದಿಗೆ ಹಸಿರು ದೀಪ, ಎಡಬದಿಗೆ ಕೆಂಪು ದೀಪ ಇಡೂದು ಎಲ್ಲಾ ಕಡೆಯ ಪದ್ಧತಿ. ನಮ್ಮ ಬಂದರಿನ ಬಾಯಲ್ಲಿ, ಕಡಲಿಗೆ ಹೊರಟಾಗ ಬಲಕ್ಕೆ, ಒಂದು ಗುಡ್ಡ ಉಂಟು. ಗಂಡಸರ ದಾರಿ ಕಾಯುವ ಹೆಂಗಸರು ಅದರ ಮೇಲೆ ನಿಲ್ತಾರೆ. ಹೊರಡುವ ದೋಣಿಯ ಹಸಿರು ದೀಪ ಅವರಿಗೆ ಕಾಣ್ತದೆ. ತಿರುಗಿ ಬರುವಾಗ ಕೆಂಪು ಕಾಣ್ತದೆ. ಕೆಂಪು ಕಂಡರೆ ಹೋಗಿ ಒಲೆಗೆ ಅನ್ನಕ್ಕೆ ಇಡ್ತಾರೆ. ಆ ಲೆಕ್ಕದಲ್ಲಿ ನಾನು ತಂತಿ ಎಳೆದೆ. ಬ್ಯಾಟರಿಯಿಂದ ಹೊರಡೂದು ಹಸಿರು, ಮನೆಗೆ ಬರೂದು ಕೆಂಪು. ನಿನ್ನ ಅಮರಯ್ಯನ ಗುರ್ತು ಸರಿಯೇ ಇತ್ತು ತಮಾ. ಉಲ್ಟಾ ಇದ್ದದ್ದು ನನ್ನ ತಂತಿ.

ಈಗ ನೀನು ಹೊರಡುವ ತಂತಿಯನ್ನು ನೀರಿನೊಳಗಿನ ಬೋಲ್ಟಿಗೆ ಕಟ್ಟಿದ್ದೀ. ಗಾಳಿ ಇಲ್ಲದಾಗ ನಡೆಸುವ ಇಂಜಿನ್ನಿನ ಮೈಗೆ ಕೆಂಪು ತಂತಿ ಉಂಟು, ದೋಣಿ ದೂಡುವ ಅದರ ಪಂಖದ ಕೋಲೂ ನೀರಿನಲ್ಲೇ ಉಂಟು. ದೀಪ ಆರಿಸಿದರೂ ಕೆರೆಯ ನೀರಿನಲ್ಲಿ ಹಗಲೂ ರಾತ್ರಿ ಕರೆಂಟು ಹರೀತಾ ಉಂಟು. ಬ್ಯಾಟರಿ ಕುಡಿದವರು ಇವರು. ಬ್ಯಾಟರಿ ಹೋದರೆ ಹೋಗಲಿ. ಹಾಗೆ ಹರಿಯುವ ಕರೆಂಟು ಹಸಿರಿಗೆ ಕಟ್ಟಿದ ಲೋಹವನ್ನು ಗೆದ್ದಲು ತಿಂದ ಹಾಗೆ ತಿಂತದೆ. ಇಲ್ಲಿಯ ಒಂದು ಟ್ರಾಲರಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹಾಯಿಗೆ ಗಾಳಿ ತುಂಬಿದಾಗ ಆ ಬೋಲ್ಟು ತುಂಡಾದರೆ ತಳದ ಭಾರ ವಾಲ್ತದೆ, ದೋಣಿ ಮಗುಚ್ತದೆ.

ನಿನಗೆ ಈಜು ಬರ್ತದಾ? ಈ ಸಲ ನಿಜ ಬರೆ.

ಮಲ್ಲುವಿನ ಮಾತು ನೀನು ಮೊದಲೇ ಬರೆದಿದ್ದರೆ ನಾನು ಹಾಗೆ ಚುಚ್ಚಿ ಬರೀತಿರಲಿಲ್ಲ.

ವಿಠಲ

*

ಕೂಕಟ್‌ಪಲ್ಲಿ
24 ಮೇ 2005

ವಿಠಲ ಕಾಕಾರಿಗೆ, ತಾಯಪ್ಪನ ಸಾಷ್ಟಾಂಗ ನಮಸ್ಕಾರ.

ಈಜು ಬರೂದಿಲ್ಲ. ಇದಕ್ಕಿಂತ ಮೊದಲು ನಾ ಒಂದು ಬೋಟಿನ ಕೆಲಸಾನೂ ಮಾಡಿಲ್ಲ. ಬೋಟಿನ್ಯಾಗ ಕಾಲಿಟ್ಟಿದ್ದೂ ಇದೇ ಮೊದಲು. ಮೇಡಮ್ಮಿಗೆ ಸುಳ್ಳು ಹೇಳಿದೆ, ನಿಮಗೂ ಹೇಳಿದೆ. ದೀಪ ಹಾಕುವಾಗ ದೋಣಿ ಅಲುಗಿದ್ರ ಕಂಬ ಹಿಡಕೊಂಡು ಕುಂದರ್ತಿದ್ದೆ.

ಟೆಲಿಗ್ರಾಮ್ 19ಕ್ಕ ಬಂತು. ಇಂಗ್ಲಿಷ್ ನನಗ ಬರೂದಿಲ್ಲ, ಔಷಧ ಅಂಗಡಿಯವರ ಕಡೆ ಓದಿಸಿದೆ. ಅವತ್ತೇ ಓಡಿ ಹೋಗಿ ತಂತಿ ಬಿಚ್ಚಿದೆ. ಬ್ಯಾಟರಿ ಖಾಲಿ ಆಗದ ನಿಂತತು ಕಾಕಾ! ಒಂದು ದಿನ, ಎರಡು ದಿನ, ನಾಲ್ಕು ದಿನ. ದೀಪ ಸಣ್ಣ ಸುದ್ದಾ ಆಗಲಿಲ್ಲ. ಮೇಡಮ್ ನಕ್ಕು “ಅಂತೂ ಸರಿ ಮಾಡಿದ್ರಲ್ಲ ತಾಯಪ್ಪ” ಅಂದ್ರು.

ಇನ್ನ ನಿಮ್ಮ ಹತ್ರ ಮುಚ್ಚಿಡೂದೇನು. ನಾ ಬಾಯಿ ಮುಚ್ಚಿಕೊಂಡು ಕುಂತೆ. ದೋಣಿ ಹೊರಡಿಸಬೇಡ ಅಂತ ನೀವು ಬರಸಿದ್ದು ಔಷಧ ಅಂಗಡಿಯವರು ಓದಿದ್ರು, ನಾ ಕೇಳಿಸಿಕೊಂಡೆ, ಆದ್ರೂ ಹೇಳಲಿಲ್ಲ. ಬೋಲ್ಟು ತಳದಾಗ ಐತಿ, ಯಾರು ನೋಡ್ತಾರ? 29 ಒಂದು ದಾಟಲಿ, ಕೆಲಸ ಕೈಗೆ ಬರಲಿ, ಸಾಬಮ್ಮಗ ಫೋನ್ ಮಾಡಿ ಗಂಟು ಕಟ್ಟು ಅನ್ನೂಣು, ಆಮ್ಯಾಲ ನೋಡಿದ್ರಾತು ಅಂದುಕೊಂಡೆ.

ನಿನ್ನೆ ನಿಮ್ಮ ಕಾಗದ ಬಂತು. ದೋಣಿ ಮಗುಚ್ತದ ಅಂತ ಬರದಿದ್ರಿ. ಮೇಡಮ್ ಆ ಐತಾರ ದೀಪ ತೋರಿಸಿ, ಆಮ್ಯಾಲ ಅವರ ತಾಯಿನ್ನ ಕುಂದ್ರಿಸಿಕೊಂಡು ಹಾಯಿ ಬಿಚ್ಚವರಿದ್ರು. ಮೈಸೂರಿಂದ ಅದಕ್ಕಂತನ ಬಂದಾರ ಮುದುಕಿ. ನನಗ ಮೊನ್ನೆ ಉಪ್ಪಿಟ್ಟು ಕೊಟ್ಟು “ಬಿಸಿ ಇದೆ, ನಿಧಾನವಾಗಿ ತಿನ್ನಪ್ಪ” ಅಂದಿದ್ರು. ಮಲ್ಲು ಕಣ್ಣ ಮುಂದ ಬಂದು ನಿಂತ ಕಾಕಾ. ಅವತ್ತು ಆ ಮಿಷನ್ನಿಗೆ ಅರ್ಥಿಂಗ್ ಇಲ್ಲ ಅನ್ನೂದು ಒಬ್ಬಾತಗ ಗೊತ್ತಿತ್ತು, ನಾಳೆ ಹೇಳಿದ್ರಾತು ಅಂತ ಸುಮ್ನಿದ್ದ. ಇವತ್ತು ಅಂವ ನಾನೇ ಆಗಿದ್ದೆ.

ಹೋಗಿ ಎಲ್ಲಾ ಹೇಳಿಬಿಟ್ಟೆ. ಬೋಟಿನ ಕೆಲಸ ಬರೂದಿಲ್ಲ ಅನ್ನೂದರಿಂದ ಹಿಡಿದು. ಒಬ್ಬ ಮುಳುಗುಗಾರನ್ನ ಕರಸಿ ತಳ ನೋಡಿಸಿದ್ರು. ಹೆಬ್ಬೆರಳಿನಷ್ಟು ಇದ್ದ ಬೋಲ್ಟು ಕಿರುಬೆರಳಿನಷ್ಟು ಆಗೈತಿ. ಮೇಡಮ್ “ಆಯ್ತು, ನೀವು ಹೋಗಿ” ಅಂದ್ರು. ಅಷ್ಟೇ ಅಂದ್ರು. 29ರ ಕಾರ್ಯಕ್ರಮ ರದ್ದು ಆತು.

ಸಾಬಮ್ಮಗ ಇನ್ನ ಹೇಳಿಲ್ಲ. ಉಮಾಶ್ರೀಗೆ ಪಾಟಿಚೀಲ ತಂದು ಖೋಲ್ಯಾಗ ತೂಗು ಹಾಕೀನಿ. ಅದರ ಕಡೆ ನೋಡಾಕ ಆಗವಲ್ದು.

ತಾಯಪ್ಪ

*

ಬೇಲೇಕೇರಿ
31 ಮೇ 2005

ತಮಾ,

ನೀನು ಒಪ್ಪಿಕೊಂಡ ಮೇಲೆ ನನ್ನದೂ ಒಂದು ಕೇಳು. ಹಸಿರು ಹೋಗೂದು, ಕೆಂಪು ಬರೂದು ಅನ್ನೂದು ದೋಣಿ ಕಟ್ಟುವವರ ಪದ್ಧತಿ ಅಲ್ಲವೇ ಅಲ್ಲ. ದೀಪ ಎರಡೂ ಬದಿಗೆ ಇಡೂದು ಖರೆ ಪದ್ಧತಿ. ತಂತಿಯ ಲೆಕ್ಕ ನನ್ನ ತಲೆಯಲ್ಲಿ ಹುಟ್ಟಿದ್ದು. ನಾನು ಬಡಗಿ, ಜನ್ಮದಲ್ಲಿ ಎಳೆದದ್ದು ಅದೊಂದೇ ವೈರಿಂಗು. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ವಿಠಲನಿಗೆ ಗೊತ್ತಿಲ್ಲ ಅಂದಾರು ಅಂತ ಬಿಗುಮಾನ. ನೀನು ಮೊದಲ ಕಾಗದ ಬರೆದಾಗ ಒಂದು ಸಾಲು ಹೇಳಿದ್ದರೆ ಸಾಕಿತ್ತು. ಅದನ್ನು ಬಿಟ್ಟು ‘ಬಲ್ಲವರಿಗೆ ಗೊತ್ತಾಗ್ತದೆ’ ಅಂತ ಜಂಬ ಬರೆದೆ. ಇಷ್ಟನ್ನೂ ನಿನ್ನ ಕೃಪಾಬಾಯಿಗೆ ಬೇರೆ ಕಾಗದದಲ್ಲಿ ಬರೆದು ಕಳಿಸಿದ್ದೇನೆ. ತಪ್ಪಿನಲ್ಲಿ ಅರ್ಧ ನನ್ನದು. ನಾನು ಹೊರ್ತೇನೆ.

ಇನ್ನು ಕೆಲಸದ ಮಾತು. ಫೈಬರ್ ದೋಣಿ ಬಂದ ಮೇಲೆ ನನ್ನ ಶೆಡ್ಡು ಮುಚ್ಚಿ ನಾಲ್ಕು ವರ್ಷ ಆಯ್ತು, ಇದನ್ನೂ ನಿನಗೆ ಹೇಳಿರಲಿಲ್ಲ. ಮೊನ್ನೆ ಬೀಗ ತೆಗೆದೆ. ದೋಣಿ ಕಟ್ಟಿದಾಗಿನ ಅಳತೆಯ ಹಲಗೆ ಮೂಲೆಯಲ್ಲೇ ಇತ್ತು. ಕಾರವಾರಕ್ಕೆ ಹೋಗಿ ನಾಲ್ಕು ಹೊಸ ಬೋಲ್ಟು ಮಾಡಿಸಿದೆ, ಬಸ್ ಪಾರ್ಸೆಲ್‌ನಲ್ಲಿ ಬರ್ತಾ ಉಂಟು. ದೋಣಿಯನ್ನು ದಂಡೆಗೆ ಎತ್ತಿಸಿ, ಹಿಂದಿನಿಂದ ಶುರು ಮಾಡಿ ಒಂದೊಂದೇ ಬದಲಿಸಿ. ಚಿತ್ರ ಬರೆದು ಒಳಗೆ ಇಟ್ಟಿದ್ದೇನೆ. ಬೋಲ್ಟಿನ ಸುತ್ತ ಹತ್ತಿ ತುಂಬೂದು ಹೇಗೆಂದು ಅದರಲ್ಲಿ ಉಂಟು. ನಿನ್ನ ಕೈಯಿಂದಲೇ ಮಾಡು. ಹೇಳಿದ್ದನ್ನು ಕೇಳುವ ಕೈ ನಿನ್ನದು, ಹಲಗೆ ಮುಟ್ಟಬೇಡ ಅಂದರೆ ಮುಟ್ಟಲಿಲ್ಲ.

ಪಾಟಿಚೀಲ ಅಲ್ಲೇ ತೂಗ್ತಾ ಇರಲಿ.

ವಿಠಲ

*

ಕೂಕಟ್‌ಪಲ್ಲಿ
19 ಜೂನ್ 2005, ಐತಾರ

ಕಾಕಾ,

ಎಲ್ಲಿಂದ ಶುರು ಮಾಡ್ಲಿ ತಿಳೀವಲ್ದು!

ಹನ್ನೆರಡು ದಿನ ಮೇಡಮ್ ನನ್ನ ಕೂಡ ಮಾತಾಡಲಿಲ್ಲ. ಹದಿಮೂರನೇ ದಿನ ಪಾರ್ಸೆಲ್ ಬಂದೈತಿ ಅಂತ ಹೇಳಾಕ ಹೋದೆ. ಅವರ ಕೈಯಾಗ ನಿಮ್ಮ ಕಾಗದ ಇತ್ತು. “ತಪ್ಪು ಅರ್ಧ ನಂದು ಅಂತ ಅವರು ಬರ್ದಿದ್ದಾರೆ. ಪೂರ್ತಿ ನಂದು ಅಂತ ನೀವು ಹೇಳ್ತೀರಿ. ಒಟ್ಟಿಗೆ ಒಂದೂವರೆ ಆಯ್ತಲ್ಲ!” ಅಂದ್ರು. ಆಮ್ಯಾಲ ನಕ್ಕುಬಿಟ್ರು. ನಾ ಅಲ್ಲೇ ಕುಕ್ಕುರಗಾಲಿನ್ಯಾಗ ಕುಂತು ಅತ್ತೆ. ಹೇಳಾಕ ನಾಚಿಕಿ ಇಲ್ಲ.

ಕ್ರೇನ್ ತರಿಸಿ ದೋಣಿ ಎತ್ತಿಸಿದ್ರು. ನಿಮ್ಮ ಚಿತ್ರ ನೋಡಿಕೋತ ನಾಲ್ಕೂ ಬೋಲ್ಟು ಕೂರಿಸಿದೆ. ಹತ್ತಿ ಬಡದು ಬಡದು ನನ್ನ ಕಿವೀನೂ ಗುಂಯ್ ಅನ್ನಾಕತ್ತಾವ. ಅದಕ್ಕೂ ಮೊದಲ ಜೀಡಿಮೆಟ್ಲಾಕ್ಕ ಹೋಗಿ ಅಮರಯ್ಯನ ಕಾಲು ಹಿಡದೆ. ಆತ ನಾಲ್ಕು ಬೈದು, ಚಾ ಕುಡಿಸಿ, ನಾ ಕೇಳಿದ್ದು ಮಾಡಿಕೊಟ್ಟ. ಏನಂದ್ರ, ನಿಮ್ಮ ಹಿತ್ತಾಳಿ ದೀಪ ನಾ ಗುಜರಿಗೆ ಹಾಕಿರಲಿಲ್ಲ, ನನ್ನ ಹಾಸಿಗಿ ಕೆಳಗ ಚೀಲದಾಗ ಇಟ್ಟಿದ್ದೆ. ಬಾಗಲ ಬಾಜೂದರಾಗ ಅಮರಯ್ಯ ಎಲ್‌ಇಡಿ ಕೂರಿಸಿಕೊಟ್ಟಾನ. ಹೊರಗ ನಿಮ್ಮ ಹಿತ್ತಾಳಿ, ಒಳಗ ಹೊಸಾ ಬೆಳಕು. ಅದನ್ನ ತಿರುಗಿ ಬಾಗಲ ಕಡೆಗೇ ಹಾಕೀನಿ.

12ಕ್ಕ ನಾಲ್ಕೂ ಮಂದಿ ಬಂದು ನೋಡಿದ್ರು. ಇಬ್ಬರು ಒಪ್ಪಿಗಿ ಕೊಟ್ರು, ಇಬ್ಬರು “ನೋಡೋಣ” ಅಂದ್ರು. ದಂಡಿ ಮ್ಯಾಲಿನ ಕೆಲಸ ದಸರಾ ಆದ ಮ್ಯಾಲಂತ. ಇರಲಿ, ಎರಡು ದೋಣಿ ಅಂದ್ರೂ ನಾಲ್ಕು ತಿಂಗಳ ಕೆಲಸ. ಅದರಾಗ ಒಂದು ಮರದ್ದು ಐತಿ, ತಳ ಸೋರತೈತಿ. ಕಟ್ಟುವವರು ಗೊತ್ತೇನು ಅಂತ ಕೇಳಿದ್ರು. ಗೊತ್ತು, ಕಿವಿ ಕೇಳೂದಿಲ್ಲ, ಕಾಗದ ಹಾಕಬೇಕು ಅಂದೀನಿ. ಶೆಡ್ಡಿಗೆ ಮತ್ತ ಬೀಗ ಹಾಕಬ್ಯಾಡ್ರಿ.

ಕೂಕಟ್‌ಪಲ್ಲಿಯಾಗೇ ಒಂದು ಸಣ್ಣ ಖೋಲಿ ಹಿಡದು ಸಾಬಮ್ಮ, ಉಮಾಶ್ರೀನ್ನ ಕರಕೊಂಡು ಬಂದೀನಿ. ಸರ್ಕಾರಿ ಸಾಲಿ, ಮೊದಲ ವಾರದಾಗೇ ಸೇರ್ಯಾಳ. ತೆಲುಗು ಅಕ್ಷರ ಕನ್ನಡದ ಅಕ್ಕ ಇದ್ದಂಗ ಅದಾವ ಅಪ್ಪಾ ಅಂತಾಳ.

ಇವತ್ತು ಮೇಡಮ್ ನಮ್ಮ ಮೂರೂ ಮಂದಿನ್ನ ದೋಣಿಗೆ ಕರದಿದ್ರು. ಅವರ ತಾಯಿನೂ ಇದ್ರು. ಹಾಯಿ ಬಿಚ್ಚಿದ್ರು. ದೋಣಿ ವಾಲಿತು. ನಾ ಕಂಬ ಹಿಡಕೊಂಡೆ, ಆದ್ರ ಕಣ್ಣು ಮುಚ್ಚಲಿಲ್ಲ. ಬೋಲ್ಟು ಹಿಡಕೊಂಡಾವ ಕಾಕಾ, ನಾಲ್ಕೂ.

ಹೊತ್ತು ಇಳಿಯೂ ಮುಂದ ಕ್ಯಾಬಿನ್ನಿನ್ಯಾಗ ದೀಪ ಹಾಕಿದೆ. ಬ್ಯಾಟರಿ ಪೆಟಿಗಿ ಮುಚ್ಚಳದ ಒಳಗ ನಾ ಒಂದು ಚೀಟಿ ಅಂಟಿಸೀನಿ, ಮುಂದ ಯಾರೂ ನನ್ನಂಗ ಮೋಸ ಹೋಗಬಾರದಂತ. ಉಮಾಶ್ರೀ ಅದನ್ನ ದೊಡ್ಡ ದನಿ ತಗದು ಓದಿದಳು. “ಈ ದೋಣಿಯಲ್ಲಿ ಮಾತ್ರ, ಹಸಿರು ಹೋಗೂದು, ಕೆಂಪು ಮನೆಗೆ ಬರೂದು. ವಿಠಲ ಹರಿಕಂತ್ರ ಅವರ ಲೆಕ್ಕ.” ಹಂಗಂದ್ರೇನಪ್ಪಾ ಅಂತ ಕೇಳಿದಳು. ನಿಮ್ಮ ಗುಡ್ಡದ ಹೆಣ್ಮಕ್ಕಳ ಕಥಿ ಹೇಳಿದೆ. ಕಥಿ ಮುಗಿದ ಮ್ಯಾಲ ಸಾಬಮ್ಮ ಅಂದಳು, “ಆರು ವರ್ಷ ನಾ ಹಸಿರು ದೀಪಾನ ನೋಡಿಕೋತ ನಿಂತಿದ್ದೆ.”

ಉಮಾಶ್ರೀ ಎದ್ದು ಬಂದು ನನ್ನ ತೊಡಿ ಮ್ಯಾಲ ಕುಂತಳು, ಕರೀಲಾರದ.

ಖೋಲಿಗೆ ಬಂದು ಇದನ್ನ ಬರಿಯಾಕತ್ತೀನಿ. ಸಾಬಮ್ಮ ಅನ್ನಕ್ಕ ಇಟ್ಟಾಳ.

ನಿಮ್ಮ,
ತಾಯಪ್ಪ